ಹಣದುಬ್ಬರ ಇಳಿದರೆ ಬೆಲೆಯೂ ಇಳಿಯಿತೇ?

ಪ್ರಶ್ನೆ: ಇಂಗ್ಲಿಷ್ ಪತ್ರಿಕೆಗಳ ಆರ್ಥಿಕ ಸುದ್ದಿ ಓದಲು ಪದಗಳ ಪಟ್ಟಿ ಮಾಡಿ ಬಾಯಿಪಾಠ ಮಾಡುತ್ತಿದ್ದೇನೆ. ಬಿಡಿ ಪದಗಳ ಅರ್ಥ ಗೊತ್ತು, ಸುದ್ದಿ ಮಾತ್ರ ತಲೆಗೆ ಹತ್ತುವುದಿಲ್ಲ. ಏನು ಮಾಡಲಿ?

ಉತ್ತರ: ಪಟ್ಟಿಯನ್ನು ಸದ್ಯಕ್ಕೆ ಬದಿಗಿಡಿ. ಈ ಪದಗಳು ಅಂಕಿಗಳ ಜೊತೆಗೇ ಓಡಾಡುತ್ತವೆ, ಅಂಕಿ ಸಮೇತ ಕಲಿಯಬೇಕು. ‘ಇನ್‌ಫ್ಲೇಷನ್’ (ಹಣದುಬ್ಬರ, ಅಂದರೆ ಬೆಲೆ ಏರುವ ದರ) ಶೇ 8ರಿಂದ ಶೇ 5ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಬೆಲೆ ಇಳಿದಿಲ್ಲ, ಮೊದಲ ವರ್ಷ 100ರಿಂದ 108ಕ್ಕೆ ಹೋದ ಬೆಲೆ ಸೂಚ್ಯಂಕ ಮರುವರ್ಷ 113.4 ಆಗಿದೆ. ಏರುವ ವೇಗ ತಗ್ಗಿದ್ದಕ್ಕೆ ‘ಡಿಸ್‌ಇನ್‌ಫ್ಲೇಷನ್’ ಎನ್ನುತ್ತಾರೆ. ಬೆಲೆಮಟ್ಟವೇ ಕುಸಿದು ದರ ಸೊನ್ನೆಗಿಂತ ಕೆಳಗೆ ಹೋದರೆ ಮಾತ್ರ ‘ಡಿಫ್ಲೇಷನ್’. ಹೆಚ್ಚಿನವರು ಎಡವುವುದು ಇಲ್ಲೇ.

ಬಡ್ಡಿದರದ ಸುದ್ದಿಯಲ್ಲೂ ಇಂಥದೇ ಗುಂಡಿಯಿದೆ. ದರ ಶೇ 4ರಿಂದ ಶೇ 5ಕ್ಕೆ ಏರಿದರೆ ಅದು 1 ‘ಪರ್ಸೆಂಟೇಜ್ ಪಾಯಿಂಟ್’ ಏರಿಕೆ. ‘ಪರ್ಸೆಂಟ್’ ಲೆಕ್ಕದಲ್ಲಿ ಅದೇ ಏರಿಕೆ ಶೇ 25! ಗೊಂದಲ ಬೇಡವೆಂದೇ ವರದಿಗಾರರು 100 ‘ಬೇಸಿಸ್ ಪಾಯಿಂಟ್’ ಎಂದು ಬರೆಯುತ್ತಾರೆ. ಕ್ರಿಯಾಪದದ ಮುಂದಿನ ಪುಟ್ಟ ಪದವನ್ನೂ ನೋಡಿ: ‘ರೋಸ್ ಬೈ’ ಎಂದರೆ ಅಷ್ಟು ಏರಿತು, ‘ರೋಸ್ ಟು’ ಎಂದರೆ ಅಲ್ಲಿಗೆ ಮುಟ್ಟಿತು.

ಸರ್ಕಾರದ ಲೆಕ್ಕದಲ್ಲಿ ‘ಡೆಫಿಸಿಟ್’ ಒಂದು ವರ್ಷದ ಕೊರತೆ, ‘ಡೆಟ್’ ಈವರೆಗೆ ಕೂಡಿಬಿದ್ದ ಸಾಲ. ಕೊರತೆ ಕಡಿಮೆಯಾದ ವರ್ಷವೂ ಸಾಲ ಬೆಳೆಯಬಹುದು.

‘ಎಜ್ ಅಪ್’ (ತುಸು ಏರು), ‘ಸರ್ಜ್’ (ಭರ್ರನೆ ಏರು), ‘ಸ್ಲಿಪ್’ (ತುಸು ಜಾರು), ‘ಪ್ಲಂಜ್’ (ದಿಢೀರನೆ ಕುಸಿ) ಪದಗಳಿಗೆ ಇಂತಿಷ್ಟೇ ಶೇಕಡಾ ಎಂಬ ಅಳತೆಯಿಲ್ಲ. ದೊಡ್ಡ ದೇಶದ ಕರೆನ್ಸಿ ಒಂದೇ ದಿನ ಶೇ 3 ಬಿದ್ದರೆ ‘ಪ್ಲಂಜ್’ ಎನ್ನುವ ಪತ್ರಿಕೆ, ಸಣ್ಣ ಕಂಪನಿಯ ಷೇರು ಅಷ್ಟೇ ಬಿದ್ದರೆ ‘ಸ್ಲಿಪ್’ ಎಂದು ಸುಮ್ಮನಾಗುತ್ತದೆ. ಹಾಗಾಗಿ ‘ಬೀಳು’ ಎಂಬ ಒಂದೇ ಅರ್ಥ ಬರೆದುಕೊಂಡರೆ ಸಾಲದು. ಯಾವುದು, ಎಷ್ಟು ಬಿತ್ತು ಎಂಬುದೂ ನೋಟ್‌ಬುಕ್‌ನಲ್ಲಿರಲಿ.

ಮೂರು ವಾರ ಒಂದೇ ವಿಷಯ ಓದಿ, ಬಡ್ಡಿದರವೆಂದರೆ ಬಡ್ಡಿದರ ಮಾತ್ರ. ಅದೇ ಪದಗಳು ಮತ್ತೆ ಮತ್ತೆ ಎದುರಾಗುತ್ತವೆ. ಮೊದಲು ಆ ಸುದ್ದಿಯನ್ನು ಕನ್ನಡದಲ್ಲಿ ಓದಿಕೊಂಡರೆ ಅರ್ಧ ಭಾರ ಇಳಿಯುತ್ತದೆ. ದಿನಕ್ಕೆ ನಾಲ್ಕೈದು ವಾಕ್ಯಗಳನ್ನು ಇಡಿಯಾಗಿ ಬರೆದು, ಕ್ರಿಯಾಪದದ ಜಾಗ ಖಾಲಿ ಬಿಡಿ. ಉತ್ತರ ಹಾಳೆಯ ಹಿಂಬದಿಗಿರಲಿ. 1, 3, 7, 15ನೇ ದಿನ ತುಂಬಿ ನೋಡಿ. ತಪ್ಪಿದ್ದನ್ನು ಮತ್ತೆ 1ನೇ ದಿನಕ್ಕೆ ತನ್ನಿ.

ಪ್ರಶ್ನೆ: ‘ರಿಸೆಷನ್’ (ಆರ್ಥಿಕ ಹಿಂಜರಿತ) ಎಂದರೆ ಸತತ ಎರಡು ತ್ರೈಮಾಸಿಕ ಜಿಡಿಪಿ (ದೇಶದ ಒಟ್ಟು ಉತ್ಪನ್ನ) ಕುಗ್ಗುವುದು, ಅಲ್ಲವೇ?

ಉತ್ತರ: ಪತ್ರಿಕೆಗಳ ರೂಢಿಯ ಅಳತೆ ಅದು. ಅಮೆರಿಕದಲ್ಲಿ ನ್ಯಾಷನಲ್ ಬ್ಯೂರೋ ಆಫ್ ಎಕನಾಮಿಕ್ ರಿಸರ್ಚ್‌ನ ಸಮಿತಿ ಉದ್ಯೋಗ, ಆದಾಯ, ಉತ್ಪಾದನೆಗಳನ್ನೂ ನೋಡಿ ತೀರ್ಮಾನಿಸುತ್ತದೆ. 2022ರ ಮೊದಲೆರಡು ತ್ರೈಮಾಸಿಕಗಳಲ್ಲಿ ಜಿಡಿಪಿ ಕುಗ್ಗಿದೆ ಎಂದು ಆಗಿನ ಅಂಕಿಗಳು ಹೇಳಿದರೂ ಸಮಿತಿ ಅದನ್ನು ‘ರಿಸೆಷನ್’ ಎನ್ನಲಿಲ್ಲ. ವರದಿಯಲ್ಲಿ ಅದರ ಹಿಂದೆ ‘ಟೆಕ್ನಿಕಲ್’ ಎಂದಿದ್ದರೆ, ನೀವು ಹೇಳಿದ ಎರಡು ತ್ರೈಮಾಸಿಕದ ಲೆಕ್ಕವೆಂದೇ ತಿಳಿಯಿರಿ.