ಎಸ್‌ಎಪಿ ಎಂಬ ವ್ಯಾಪಾರ ನಿರ್ವಹಣಾ ಸಾಫ್ಟ್‌ವೇರ್‌ನಲ್ಲಿ ನಾವು ಬದಲಿಸಿದ ಬೆಲೆ ಲೆಕ್ಕ ಅಪ್‌ಗ್ರೇಡ್ ಆದಮೇಲೂ ಉಳಿಯಬೇಕಾದರೆ ಏನು ಮಾಡಬೇಕು?

ಎಸ್‌ಎಪಿ ಕೊಟ್ಟ ಫಾರ್ಮುಲಾವನ್ನು, ಅಂದರೆ ಲೆಕ್ಕ ಮಾಡುವ ಕೋಡನ್ನು, ಮುಟ್ಟಬೇಡಿ. ಇಂಥ ಫಾರ್ಮುಲಾಗಳನ್ನು ನಿರ್ವಹಿಸುವ ವಿಒಎಫ್‌ಎಂ (VOFM) ಪರದೆಯಲ್ಲಿ ಅದನ್ನು ಕಾಪಿ ಮಾಡಿ, 600ರಿಂದ 999ರೊಳಗಿನ ನಂಬರ್ ಕೊಟ್ಟು, ನಿಮ್ಮ ಬದಲಾವಣೆಯನ್ನು ಅಲ್ಲಿ ಬರೆಯಿರಿ. ಆ ನಂಬರ್‌ಗಳು ಎಸ್‌ಎಪಿ ಬಳಸುವ ಗ್ರಾಹಕರಿಗೇ ಮೀಸಲು. ಅಪ್‌ಗ್ರೇಡ್ ಬಂದಾಗ ಎಸ್‌ಎಪಿ ತನ್ನ ಕೋಡನ್ನಷ್ಟೇ ಹೊಸದಾಗಿ ಬರೆಯುತ್ತದೆ, ಇವಕ್ಕೆ ಕೈ ಹಾಕುವುದಿಲ್ಲ.

ಪ್ರೈಸಿಂಗ್ ಪ್ರೊಸೀಜರ್, ಅಂದರೆ ಬೆಲೆ ಕಟ್ಟುವ ಸಾಲುಗಳ ಪಟ್ಟಿ, ಅದಕ್ಕೂ ಇದೇ ದಾರಿ. ಝಡ್‌ನಿಂದ ಶುರುವಾಗುವ ನಿಮ್ಮದೇ ಪ್ರತಿ ಮಾಡಿಕೊಳ್ಳಿ. ಅದರಲ್ಲಿ, ಸಾಗಣೆ ಖರ್ಚಿನ ಲೆಕ್ಕ ಬದಲಾಗಬೇಕು ಅಂತಿಟ್ಟುಕೊಳ್ಳಿ, ಆ ಸಾಲಿನ ಫಾರ್ಮುಲಾ ಕಾಲಂನಲ್ಲಿ ನಿಮ್ಮ ಫಾರ್ಮುಲಾದ ನಂಬರ್, ಉದಾಹರಣೆಗೆ 901, ಹಾಕಿದರೆ ಸಾಕು.

ಫಾರ್ಮುಲಾ ಆಕ್ಟಿವೇಟ್ ಮಾಡಲು ಮರೆಯಬೇಡಿ, ಸುಮಾರು ಜನ ಎಡವುವುದು ಇಲ್ಲೇ. ಫಾರ್ಮುಲಾವನ್ನು ಬೇರೆ ಎಸ್‌ಎಪಿ ಸಿಸ್ಟಮ್‌ಗೆ ಟ್ರಾನ್ಸ್‌ಪೋರ್ಟ್ ಮಾಡಿದ (ಕಳಿಸಿದ) ಮೇಲೆ ಅಲ್ಲಿ ಆರ್‌ವಿ80ಎಚ್‌ಜಿಇಎನ್ (RV80HGEN) ಪ್ರೋಗ್ರಾಂ ಒಮ್ಮೆ ಓಡಿಸಿ. ಇಲ್ಲದಿದ್ದರೆ ಕೋಡ್ ಬಂದಿದ್ದರೂ ಲೆಕ್ಕಕ್ಕೆ ಸಿಗದೇ ಹೋಗಬಹುದು.