ದಾಳದ ಮಾತು: ಹೊಸ ಕುಲಕ್ಕೊಂದು ಹುಟ್ಟುಕಥೆ

ಡಂಜನ್ಸ್ ಅಂಡ್ ಡ್ರಾಗನ್ಸ್ ಮತ್ತು ಅದರ ಜಾತಿಯ ರೋಲ್‌ಪ್ಲೇಯಿಂಗ್ ಆಟಗಳ, ಅಂದರೆ ಮೇಜಿನ ಸುತ್ತ ಕೂತು ಒಂದೊಂದು ಪಾತ್ರ ವಹಿಸಿ, ದಾಳ ಹಾಕಿ ಕಥೆ ನಡೆಸುವ ಆಟಗಳ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಗತಿಯನ್ನು ಕೇಳಿವೆ: ಸ್ವಂತವಾಗಿ ಸೃಷ್ಟಿಸಿದ ಕುಲಕ್ಕೆ (ಆಟದ ಪಾತ್ರ ಹುಟ್ಟಿಬಂದ ಜನಾಂಗಕ್ಕೆ) ಮೂಲಕಥೆ ಬರೆಯುವುದು ಹೇಗೆ? ಅವುಗಳಲ್ಲಿ ಆರನ್ನು ಆರಿಸಿ ಉತ್ತರಿಸಿದ್ದೇವೆ.

ಗೆಳೆಯರ ಕ್ಯಾಂಪೇನ್‌ಗೆಂದು (ಹಲವು ದಿನ ಮುಂದುವರಿಯುವ ಒಂದೇ ಕಥೆಯ ಆಟ) ಬೆಟ್ಟದ ಮೇಲೆ ಬದುಕುವ ಹೊಸ ಕುಲವೊಂದನ್ನು ಮಾಡಿದ್ದೇನೆ. ಹುಟ್ಟುಕಥೆಯೇ ಹನ್ನೆರಡು ಪುಟ ಆಗಿದೆ. ಯಾರೂ ಓದುತ್ತಿಲ್ಲ. ಎಲ್ಲಿ ಕತ್ತರಿಸಲಿ? — ಹುಬ್ಬಳ್ಳಿಯ ಓದುಗರು

ಕತ್ತರಿ ಆಮೇಲೆ ಹಿಡಿಯಿರಿ, ಮೊದಲು ಕಥೆಯನ್ನು ತಿರುಗಿಸಿ ಹಾಕಿ. ಹೆಚ್ಚಿನವರು ಶೂನ್ಯದಿಂದ ಶುರುಮಾಡುತ್ತಾರೆ. ದೇವರು ಬಂದ, ಮಣ್ಣು ಕಲಸಿದ, ಮೊದಲ ಯುದ್ಧ ಆಯಿತು, ಎರಡನೆಯದೂ ಆಯಿತು. ಇವತ್ತಿನ ದಿನಕ್ಕೆ ಬಂದು ಮುಟ್ಟುವಷ್ಟರಲ್ಲಿ ಬರೆದವರಿಗೂ ಸುಸ್ತು, ಕೇಳುವವರಿಗೂ ಸುಸ್ತು. ಆದರೆ ಆಟಗಾರ ಆಡುವುದು ಇವತ್ತಿನ ದಿನವನ್ನು. ಅವನ ಪಾತ್ರ ಈಗ ಏನು ಮಾಡುತ್ತದೆ, ಏನು ಮಾಡಲು ಹಿಂಜರಿಯುತ್ತದೆ ಎಂಬುದಕ್ಕೆ ಕಾರಣ ಕೊಡದ ಹುಟ್ಟುಕಥೆ ಎಷ್ಟೇ ಚೆಂದ ಇದ್ದರೂ ಫೈಲಿನಲ್ಲೇ ಉಳಿಯುತ್ತದೆ.

ಹಾಗಾಗಿ ಕೊನೆಯಿಂದ ಹಿಂದಕ್ಕೆ ಕಟ್ಟಿ. ಮೊದಲು ಆ ಕುಲದವರ ಮೈಮೇಲೆ ಎದ್ದು ಕಾಣುವ ಒಂದು ಗುರುತು ಮತ್ತು ಹೊರಗಿನವರಿಗೆ ವಿಚಿತ್ರ ಅನಿಸುವ ಒಂದು ಆಚಾರ ಬರೆದುಕೊಳ್ಳಿ. ಒಂದೊಂದೇ ಸಾಕು. ಐದು ಆಚಾರ ಕೊಟ್ಟರೆ ಎರಡನೇ ಸೆಷನ್ನಿಗೆ ಎಲ್ಲವೂ ಮರೆತಿರುತ್ತವೆ. ಆಮೇಲೆ ಎರಡಕ್ಕೂ ಕಾರಣವಾಗಬಲ್ಲ ಒಂದೇ ಘಟನೆ ಹುಡುಕಿ. ಮೂರನೆಯದೇ ಮುಖ್ಯ: ಆ ಘಟನೆಯಿಂದ ತೀರದೇ ಉಳಿದ ಒಂದು ಋಣ. ಕೊನೆಗೆ, ಕಥೆಯನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ನಿರ್ಧರಿಸಿ ಅವರ ಬಾಯಲ್ಲೇ ಬರೆಯಿರಿ. ಗಟ್ಟಿಯಾಗಿ ಓದಿದರೆ ಒಂದು ನಿಮಿಷ ಮೀರಬಾರದು.

ನಿಮ್ಮದೂ ಬೆಟ್ಟದ ಕುಲವಾದ್ದರಿಂದ ಅದನ್ನೇ ಉದಾಹರಣೆಗೆ ಹಿಡಿಯೋಣ. ಬಂಡೆಯ ಮೇಲಿನ ದೊಣೆಗಳ ಸುತ್ತ ಬದುಕುವವರು, ದೊಣೆಯರು ಎನ್ನೋಣ. ಗುರುತು: ಅಂಗೈ ಬೂದಿ ಬಣ್ಣ. ಆಚಾರ: ನೀರು ಕುಡಿಯುವ ಮುಂಚೆ ಒಂದು ಬೊಗಸೆ ನೀರನ್ನು ಕಲ್ಲಿನ ಮೇಲೆ ಚೆಲ್ಲುತ್ತಾರೆ, ಬಾಯಾರಿ ಸಾಯುವಂತಿದ್ದರೂ. ಅವರ ಅಜ್ಜಿ ಮೊಮ್ಮಕ್ಕಳಿಗೆ ಹೇಳುವುದು ಹೀಗೆ:

"ಏಳು ವರ್ಷ ಮಳೆ ಇಲ್ಲ. ತುದಿಯ ದೊಣೆಯಲ್ಲಿ ಮಾತ್ರ ನೀರು. ಬಂಡೆ ಹೇಳ್ತು: ಕುಡೀರಿ, ಆದರೆ ನನ್ನ ಬೆನ್ನು ಬಿರೀತಾ ಇದೆ, ಹಿಡಿಯೋರು ಬೇಕು. ನಮ್ಮ ಕುಲದ ಹಿರಿಯಜ್ಜಿ ತುಂಬು ಬಸುರಿ. ಬಿರುಕಿಗೆ ಎರಡೂ ಕೈ ಕೊಟ್ಟು ನಿಂತಳು. ಊರೆಲ್ಲ ಕುಡೀತು, ಅವಳು ಕೈ ತೆಗೀಲಿಲ್ಲ. ನಿಂತಲ್ಲೇ ಹೆತ್ತಳು, ನಿಂತಲ್ಲೇ ಕಲ್ಲಾದಳು. ಮಗುವಿನ ಅಂಗೈ ಬೂದಿ ಬಣ್ಣ. ಅವತ್ತಿಂದ ತಲೆಮಾರಿಗೊಬ್ಬರು ಹೋಗಿ ಅವಳ ಪಕ್ಕ ನಿಲ್ತಾರೆ. ಈ ತಲೆಮಾರಿಂದ ಇನ್ನೂ ಯಾರೂ ಹೋಗಿಲ್ಲ."

ಕೊನೆಯ ವಾಕ್ಯ ತೆಗೆದುನೋಡಿ. ಉಳಿದದ್ದು ಒಂದು ಐತಿಹ್ಯ, ಅಷ್ಟೇ. ಆ ವಾಕ್ಯ ಇದ್ದರೆ, ದೊಣೆಯರ ಪಾತ್ರ ವಹಿಸುವ ಆಟಗಾರ ಮೊದಲ ದಿನವೇ ಕೇಳಿಕೊಳ್ಳುತ್ತಾನೆ: ನಾನು ಊರು ಬಿಟ್ಟು ಬಂದದ್ದು ಸರದಿ ತಪ್ಪಿಸಿಕೊಳ್ಳುವುದಕ್ಕಾ?

ನಿಯಮಗಳ ಕಡೆಯನ್ನೂ ಇದೇ ಕಥೆಗೆ ಕಟ್ಟಿಹಾಕಿ. ಪ್ರತಿ ಟ್ರೇಟ್‌ಗೂ, ಅಂದರೆ ಕುಲಕ್ಕೆ ಸಿಗುವ ಪ್ರತಿ ವಿಶೇಷ ಗುಣಕ್ಕೂ, ಕಥೆಯಲ್ಲಿ ಒಂದು ಸಾಲು ಇರಬೇಕು. ಬಂಡೆಗೆ ಕೈ ಕೊಟ್ಟವರ ಮಕ್ಕಳು, ಹಾಗಾಗಿ ನಡಿಗೆಯ ವೇಗದಷ್ಟೇ ಅಂದರೆ 30 ಅಡಿ ಕ್ಲೈಂಬ್ ಸ್ಪೀಡ್ (ಹತ್ತುವ ವೇಗ). ನೀರಿಗಾಗಿ ಹುಟ್ಟಿದವರು, ಹಾಗಾಗಿ ಕಲ್ಲಿನ ಹಿಂದೆ 60 ಅಡಿಯೊಳಗೆ ನೀರಿದ್ದರೆ ಗೊತ್ತಾಗುತ್ತದೆ. ಕಥೆಯಲ್ಲಿ ಕತ್ತಲೆಯ ಸುದ್ದಿಯೇ ಇಲ್ಲ, ಹಾಗಾಗಿ ಕತ್ತಲಲ್ಲೂ ಕಾಣುವ ಶಕ್ತಿಯಾದ ಡಾರ್ಕ್‌ವಿಷನ್ ಬೇಡ. ಎಲ್ಲ ಕುಲಕ್ಕೂ ಅದನ್ನು ಅಂಟಿಸುವ ಅಭ್ಯಾಸದಿಂದಲೇ ಪಂಜಿಗೆ ಬೆಲೆ ಇಲ್ಲದಾಗಿದೆ! ಇನ್ನು ಶಕ್ತಿ, ಬುದ್ಧಿ ಮುಂತಾದವುಗಳಿಗೆ ಅಂಕ ಕೂಡಿಸುವುದು: 2024ರ ಆಟಗಾರರ ಕೈಪಿಡಿಯಲ್ಲಿ ಆ ಹೆಚ್ಚಳ ಬರುವುದು ಪಾತ್ರದ ಬ್ಯಾಕ್‌ಗ್ರೌಂಡ್‌ನಿಂದ (ಅದರ ಹಿಂದಿನ ಬದುಕು, ಕಸುಬು), ಕುಲದಿಂದಲ್ಲ. ಹೊಸ ನಿಯಮದಲ್ಲಿ ಆಡುವವರಿಗೆ ಆ ತಲೆನೋವಿಲ್ಲ.

ನಿಮ್ಮ ಹನ್ನೆರಡು ಪುಟ ಎಸೆಯಬೇಡಿ. ಅದರಲ್ಲಿ ಹಾಳು ಗುಡಿಯ ಶಾಸನವಾಗಬಲ್ಲದ್ದು, ಕುಡುಕನ ಬಾಯಲ್ಲಿ ಅರ್ಧಂಬರ್ಧ ಬರಬಲ್ಲದ್ದು ಇದ್ದೇ ಇರುತ್ತದೆ.

ನನ್ನ ಎಲ್ಫ್ (ಚೂಪು ಕಿವಿಯ, ದೀರ್ಘಾಯುಷಿ ಜನ) ಕುಲ 1,000 ವರ್ಷದ ಹಿಂದೆ ಒಂದು ನಕ್ಷತ್ರದಿಂದ ಇಳಿಯಿತು, ಅದು ನಿಜವೋ ಸುಳ್ಳೋ ಯಾರಿಗೂ ಗೊತ್ತಿಲ್ಲ ಎಂದು ಬರೆದಿದ್ದೆ. "ನಮ್ಮಜ್ಜನನ್ನೇ ಕೇಳಿದರಾಯ್ತು" ಎಂದು ಒಬ್ಬ ಆಟಗಾರ ನಕ್ಕುಬಿಟ್ಟ. — ತುಮಕೂರಿನ ಓದುಗರು

ಅವನ ಲೆಕ್ಕ ಸರಿ ಇದೆ. ಈ ಆಟದಲ್ಲಿ ಎಲ್ಫ್‌ಗಳ ಆಯಸ್ಸು ಸುಮಾರು 750 ವರ್ಷ, ಕುಳ್ಳ ಕುಲವಾದ ಡ್ವಾರ್ಫ್‌ಗಳದ್ದು 350. ಅಜ್ಜನಿಗೆ 700 ಆಗಿದ್ದರೆ ಅವನ ಅಪ್ಪ ಆ ಇಳಿದುಬಂದದ್ದನ್ನು ಕಣ್ಣಾರೆ ಕಂಡಿರಬಹುದು. ಅದು ಪುರಾಣ ಆಗುವುದಿಲ್ಲ, ಮನೆಯ ಸುದ್ದಿ ಆಗುತ್ತದೆ.

ಕಥೆ ಮಸುಕಾಗಬೇಕಾದರೆ ಘಟನೆಯನ್ನು ಆ ಕುಲದ ಆಯಸ್ಸಿನ ಕನಿಷ್ಠ ಐದು ಪಟ್ಟು ಹಿಂದಕ್ಕೆ ತಳ್ಳಿ. ಎಲ್ಫ್‌ಗೆ 3,750 ವರ್ಷ, ಡ್ವಾರ್ಫ್‌ಗೆ 1,750. ಎಂಬತ್ತು ವರ್ಷ ಬದುಕುವ ಮನುಷ್ಯರಿಗೆ 400 ಸಾಕು. ಒಂದೇ ಘಟನೆಯನ್ನು ಮನುಷ್ಯರೂ ಎಲ್ಫ್‌ಗಳೂ ನೆನೆಯುವಾಗ ಈ ವ್ಯತ್ಯಾಸವೇ ಒಳ್ಳೆಯ ಸರಕು: ಒಬ್ಬರ ದೇವರು ಇನ್ನೊಬ್ಬರಿಗೆ ಸಾಲ ತೀರಿಸದ ನೆರೆಯವನಾಗಿರಬಹುದು.

ತಲೆಮಾರಿನ ಲೆಕ್ಕದಿಂದ ನಕ್ಷೆಯೂ ಹುಟ್ಟುತ್ತದೆ. ಮೇಲಿನ ದೊಣೆಯರನ್ನೇ ತೆಗೆದುಕೊಳ್ಳಿ. ಆಯಸ್ಸು 120, ತಲೆಮಾರಿಗೆ 40 ವರ್ಷ, ಘಟನೆ 800 ವರ್ಷದ ಹಿಂದಿನದು ಎಂದಿಟ್ಟುಕೊಂಡರೆ ಹಿರಿಯಜ್ಜಿಯ ನಂತರ 20 ತಲೆಮಾರು. ಅದರಲ್ಲಿ 19 ಮಂದಿ ಹೋಗಿದ್ದಾರೆ. ಅಂದರೆ ಬಿರುಕಿನ ಪಕ್ಕದಲ್ಲಿ ಅಜ್ಜಿಯೂ ಸೇರಿ 20 ಕಲ್ಲಿನ ಆಕೃತಿಗಳು, 21ನೆಯ ಜಾಗ ಖಾಲಿ. ಆಟಗಾರರು ಅಲ್ಲಿಗೆ ಹೋಗಿ ಎಣಿಸಿದಾಗ 18 ಮಾತ್ರ ಸಿಕ್ಕರೆ? ಇಬ್ಬರು ಎಲ್ಲಿ?

ಎಷ್ಟು ಯೋಚಿಸಿದರೂ "ದೇವರು ಇದರಿಂದ ಮಾಡಿದ" ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಇದು ಹಳಸಲು ಅಲ್ಲವೇ? — ದಾವಣಗೆರೆಯ ಓದುಗರು

ಹಳೆಯದು, ಹಳಸಲು ಅಲ್ಲ. ಡ್ವಾರ್ಫ್‌ಗಳನ್ನು ಮೊರಾಡಿನ್ ಎಂಬ ದೇವರು ಕುಲುಮೆಯಲ್ಲಿ ಬಡಿದು ಮಾಡಿದ ಎಂಬ ಕಥೆ ಇನ್ನೂ ಓಡುತ್ತಿರುವುದಕ್ಕೆ ಕಾರಣ ಇದೆ. ಕಮ್ಮಾರಿಕೆ ಅವರಿಗೆ ಬರೀ ಕಸುಬಲ್ಲ, ಹುಟ್ಟಿಸಿದವನನ್ನು ಅನುಕರಿಸುವ ಪೂಜೆ ಆಗುತ್ತದೆ. ಯಾವುದರಿಂದ ಮಾಡಿದ ಎಂಬುದರಲ್ಲಿ ಹುರುಳಿಲ್ಲ. ಮಾಡಿದವನಿಗೆ ಅದರಲ್ಲಿ ಏನು ಖರ್ಚಾಯಿತು, ಏನು ಮಿಕ್ಕಿತು, ಯಾರನ್ನು ಕೇಳದೆ ಮಾಡಿದ ಎಂದು ಕೇಳಿಕೊಳ್ಳಿ.

ದೇವರೇ ಬೇಡವೆಂದರೆ ವಲಸೆ ಬಂದವರು, ಇನ್ನೊಂದು ಕುಲದಿಂದ ಜಗಳವಾಡಿ ಒಡೆದವರು, ಯಾರದೋ ಮಂತ್ರ ತಪ್ಪಿ ಆದವರು, ಒಪ್ಪಂದಕ್ಕೆ ಕಟ್ಟುಬಿದ್ದು ರೂಪ ಬದಲಾದವರು ಎಂದೆಲ್ಲ ಹೋಗಬಹುದು. ನಮ್ಮ ಒಲವು ಒಡೆದುಬಂದವರ ಕಡೆಗೆ. ಮೇಜಿನ ಮೇಲೆ ನೆಂಟಸ್ತಿಕೆಯ ಜಗಳದಷ್ಟು ಬೇಗ ಹೊತ್ತಿಕೊಳ್ಳುವುದು ಬೇರೊಂದಿಲ್ಲ.

ಕುಲವಿಡೀ ಶಾಪಗ್ರಸ್ತ, ಹುಟ್ಟಿನಿಂದಲೇ ದುಷ್ಟ ಎಂದು ಬರೆದಿದ್ದೆ. ಈಗ ಒಬ್ಬಳು ಆಟಗಾರ್ತಿ ಅದೇ ಕುಲದ ಪಾತ್ರ ಬೇಕು ಅನ್ನುತ್ತಿದ್ದಾಳೆ. ಕಥೆ ಬದಲಿಸಲೇ? — ಬೆಂಗಳೂರಿನ ಓದುಗರು

ಕಥೆ ಇರಲಿ, ಹೇಳುವವರನ್ನು ಬದಲಿಸಿ. ನೀವು ಬರೆದದ್ದು ನಿರೂಪಕನ ಮಾತಾಗಿದ್ದರೆ ಅದು ಲೋಕದ ಸತ್ಯ ಆಗಿಬಿಡುತ್ತದೆ, ಆಕೆಗೆ ಉಸಿರಾಡಲು ಜಾಗವಿಲ್ಲ. ಅದೇ ಮಾತನ್ನು ಪಕ್ಕದ ರಾಜ್ಯದ ಪುರೋಹಿತರ ಬಾಯಿಗೆ ಹಾಕಿದರೆ ಅದೊಂದು ಆರೋಪ.

ಈ ಆಟದ ಹಳೆಯ ಪುರಾಣದಲ್ಲೇ ಇದಕ್ಕೆ ಮಾದರಿ ಇದೆ. ಎಲ್ಫ್‌ಗಳ ದೇವರು ಕೊರೆಲಾನ್, ಓರ್ಕ್ ಎಂಬ ಕಾದಾಡುವ ಕುಲದ ದೇವರಾದ ಗ್ರೂಮ್ಷ್‌ನ ಒಂದು ಕಣ್ಣು ಕಿತ್ತ. ಎಲ್ಫ್‌ಗಳಿಗೆ ಅದು ದುಷ್ಟನ ಸೋಲು. ಓರ್ಕ್‌ಗಳು ಹೇಳುವುದೇ ಬೇರೆ: ದೇವರುಗಳೆಲ್ಲ ಚೀಟಿ ಎತ್ತಿ ಭೂಮಿ ಹಂಚಿಕೊಂಡರು, ಕಾಡು ಒಬ್ಬನಿಗೆ, ಬೆಟ್ಟ ಒಬ್ಬನಿಗೆ, ಬಯಲು ಒಬ್ಬನಿಗೆ. ಗ್ರೂಮ್ಷ್‌ನ ಪಾಲಿಗೆ ಏನೂ ಉಳಿಯಲಿಲ್ಲ, ಎಲ್ಲರೂ ನಕ್ಕರು. ಎರಡನೆಯದನ್ನು ಕೇಳಿದ ಮೇಲೆ ಓರ್ಕ್ ಪಾತ್ರ ಆಡಲು ಬರುತ್ತದೆ, ಕೋಪಕ್ಕೆ ಕಾರಣ ಸಿಕ್ಕಿರುತ್ತದೆ.

ಎರಡು ಆವೃತ್ತಿ ಬರೆಯುವಾಗ ಎಡವುವುದು ಇಲ್ಲಿ: ಎರಡೂ ಪೂರಾ ಬೇರೆಬೇರೆ ಆಗಿಬಿಡುತ್ತವೆ, ಆಗ ಒಂದೇ ಘಟನೆ ಎಂದು ಯಾರಿಗೂ ಹೊಳೆಯುವುದಿಲ್ಲ. ಮೂರು ಸಂಗತಿ ಎರಡರಲ್ಲೂ ಇರಲಿ, ಯಾರು ಏಕೆ ಮಾಡಿದರು ಎಂಬುದು ಮಾತ್ರ ಬದಲಾಗಲಿ. ದೊಣೆಯರ ಬಗ್ಗೆ ಬಯಲಿನವರು ಹೀಗೆ ಹೇಳಬಹುದು: "ಆ ದೊಣೆ ನಮ್ಮ ಕೆರೆಯ ತಾಯಿ. ಬರಗಾಲದಲ್ಲಿ ರಾತ್ರೋರಾತ್ರಿ ಕೈಯಿಂದಲೇ ಬಂಡೆ ಸೀಳಿ ನೀರು ತಮ್ಮ ಕಡೆ ತಿರುಗಿಸಿಕೊಂಡರು. ಅಂಗೈ ಬೂದಿ ಆಗಿರೋದು ಕಳ್ಳತನದ ಗುರುತು." ಬರ, ಬಿರುಕು, ಕೈ, ಮೂರೂ ಅವೇ.

ಇವನ್ನು ಹೊರಹಾಕುವ ಕ್ರಮ: ಕುಲದವರಿಗೆ ತಮ್ಮ ಆವೃತ್ತಿ ದಾಳ ಹಾಕದೆಯೇ ಗೊತ್ತು. ಎದುರಾಳಿಯ ಆವೃತ್ತಿಗೆ ಹಿಸ್ಟರಿ ಚೆಕ್ (ಚರಿತ್ರೆಯ ಜ್ಞಾನ ಅಳೆಯುವ ದಾಳ), ಡಿಸಿ 15, ಅಂದರೆ ಒಟ್ಟು 15 ಅಥವಾ ಹೆಚ್ಚು ಬರಬೇಕು. ನಿಜವಾಗಿ ನಡೆದದ್ದಕ್ಕೆ ದಾಳವೇ ಬೇಡ, ಅಲ್ಲಿಗೇ ಹೋಗಿ ನೋಡಬೇಕು. ನಡೆದದ್ದೇನೆಂದು ನೀವು ಮೊದಲೇ ನಿರ್ಧರಿಸದಿದ್ದರೂ ನಡೆಯುತ್ತದೆ, ಆದರೆ ಎರಡೂ ಅರ್ಧ ಸತ್ಯ ಎಂಬ ತೀರ್ಪನ್ನು ಮಾತ್ರ ಕೊಡಬೇಡಿ. ಆಟಗಾರರು ಅಷ್ಟು ದೂರ ನಡೆದುಬಂದದ್ದು ಅದಕ್ಕಲ್ಲ.

ಪಾಡ್ದನ (ತುಳುವಿನ ಹಾಡುಕಥೆ), ಐತಿಹ್ಯ, ನಮ್ಮ ಪುರಾಣ ಇವನ್ನು ಬಳಸಿಕೊಳ್ಳಬಹುದೇ? — ಉಡುಪಿಯ ಓದುಗರು

ಕಟ್ಟುವ ರೀತಿಯನ್ನು ಧಾರಾಳವಾಗಿ ತೆಗೆದುಕೊಳ್ಳಿ, ಹೆಸರುಗಳನ್ನು ಬಿಟ್ಟುಬಿಡಿ. ಇವತ್ತಿಗೂ ಕೋಲ ನಡೆಯುವ ದೈವವನ್ನು ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳಬಲ್ಲದೆಂಬ ಅಂಕ) ಕೊಟ್ಟು ಮೇಜಿನ ಮೇಲೆ ಇಡುವುದು ನಂಬುವವರ ಮನಸ್ಸು ನೋಯಿಸುತ್ತದೆ, ಆಟಕ್ಕೂ ಅದರಿಂದ ಲಾಭವಿಲ್ಲ. ಜಾತಿಗಳ ಕುಲಪುರಾಣಗಳ ಮಾತೂ ಅಷ್ಟೇ. ಹೆಸರು ಮಾತ್ರ ಎತ್ತಿಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ಡಂಜನ್ಸ್ ಅಂಡ್ ಡ್ರಾಗನ್ಸ್‌ನ ರಾಕ್ಷಸನೇ ಸಾಕ್ಷಿ: ಹುಲಿಯ ತಲೆ, ಹಿಂದುಮುಂದಾದ ಅಂಗೈ. ರಾವಣನನ್ನು ಯಕ್ಷಗಾನದಲ್ಲಿ ಕಂಡವರಿಗೆ ಗುರುತೇ ಹತ್ತುವುದಿಲ್ಲ.

ರೀತಿ ಕಲಿಯಲು ಎರಡು ನೋಡಿ. ಕೊಡವ ಹೆಂಗಸರು ಸೀರೆಯ ನೆರಿಗೆಯನ್ನು ಹಿಂದಕ್ಕೆ ಬರುವಂತೆ ಉಡುತ್ತಾರೆ. ಕಾವೇರಿ ನದಿಯಾಗಿ ಹರಿದು ಹೊರಟಾಗ ಕೊಡಗಿನ ಬಲಮುರಿಯಲ್ಲಿ ಅವಳ ಸೆಳೆತಕ್ಕೆ ಸಿಕ್ಕಿ ನೆರಿಗೆ ಹಿಂದಕ್ಕೆ ಸರಿಯಿತು ಎಂಬುದು ಐತಿಹ್ಯ. ನದಿಯ ಹುಟ್ಟಿನಂಥ ದೊಡ್ಡ ಸಂಗತಿ ಬಂದು ನಿಂತದ್ದು ಉಡುವ ಬಟ್ಟೆಯ ಮೇಲೆ. ಇನ್ನೊಂದು, ಪರಶುರಾಮ ಕೊಡಲಿ ಎಸೆದು ಕಡಲನ್ನು ಹಿಂದೆ ಸರಿಸಿದ ಕಥೆ. ತುಳುನಾಡಿನವರೂ ಹೇಳುತ್ತಾರೆ, ಕೇರಳದವರೂ ಹೇಳುತ್ತಾರೆ, ಪ್ರತಿಯೊಬ್ಬರ ಕಥೆಯಲ್ಲೂ ಎದ್ದುಬಂದ ನೆಲ ತಮ್ಮದು. ನಿಮ್ಮ ಲೋಕದಲ್ಲಿ ನೆಲದ ಮೇಲೆ ಹಕ್ಕು ಸಾಧಿಸುವ ಎರಡು ರಾಜ್ಯಗಳಿದ್ದರೆ ಒಂದೇ ಹುಟ್ಟುಕಥೆ ಇಬ್ಬರಿಗೂ ಕೊಟ್ಟುನೋಡಿ.

ಮಕ್ಕಳೊಂದಿಗೆ ಕನ್ನಡದಲ್ಲೇ ಆಡುತ್ತೇವೆ. ಕುಲಕ್ಕೆ ಹೆಸರಿಡುವುದು ಹೇಗೆ? ಮುಗಿದ ಮೇಲೆ ಅಂತರ್ಜಾಲದಲ್ಲಿ ಹಾಕಬಹುದೇ? — ನ್ಯೂಜೆರ್ಸಿಯ ಓದುಗರು

ಕನ್ನಡದಲ್ಲಿ ಒಂದು ತೊಡಕಿದೆ. ಕಸುಬಿನ ಹೆಸರಿಗೆ "ಗ", "ಆರ" ಸೇರಿಸಿದ ಕೂಡಲೇ ನಿಜವಾದ ಸಮುದಾಯವೊಂದರ ಹೆಸರು ಎದ್ದು ನಿಲ್ಲುತ್ತದೆ: ಗಾಣಿಗ, ಅಂಬಿಗ, ಉಪ್ಪಾರ, ಕುಂಬಾರ. ಉಪ್ಪಿನ ಗಣಿಯ ಕುಲಕ್ಕೆ ಮುಗ್ಧವಾಗಿ ಇಟ್ಟ ಹೆಸರು ಪಕ್ಕದ ಮನೆಯವರ ಜಾತಿಯಾಗಿಬಿಡಬಹುದು. ಕಸುಬು ಬಿಟ್ಟು ಜಾಗದ ಗುಣ, ಹವಾಮಾನ, ಸದ್ದು ಇವುಗಳಿಂದ ಹೆಸರು ತೆಗೆಯಿರಿ, ಇಟ್ಟ ಮೇಲೂ ನಿಘಂಟಿನಲ್ಲಿ ಒಮ್ಮೆ ನೋಡಿ. ಮೂರು ಅಕ್ಷರ ಮೀರದಿರಲಿ. ಜಗಳದ ಮಧ್ಯೆ ಕೂಗಿ ಹೇಳಲು ಬರಬೇಕು. ಒಂದೇ ಮೇಜಿನ ಎರಡು ಕುಲಗಳ ಹೆಸರು ಒಂದೇ ಅಕ್ಷರದಿಂದ ಶುರುವಾದರೆ ಮಕ್ಕಳು ಖಂಡಿತ ಗೊಂದಲ ಮಾಡಿಕೊಳ್ಳುತ್ತಾರೆ.

ಪ್ರಕಟಿಸಲು ಅಡ್ಡಿಯಿಲ್ಲ. ಆಟದ ಮೂಲ ನಿಯಮಗಳ ಸಂಗ್ರಹವಾದ ಎಸ್‌ಆರ್‌ಡಿ 5.1ನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬೈ 4.0 ಎಂಬ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಲಾಗಿದೆ. ಅದರಲ್ಲಿ ಹೇಳಿರುವ ಕೃಪೆಯ ಸಾಲನ್ನು ಸೇರಿಸಿದರೆ ಆ ನಿಯಮಗಳನ್ನು ಬಳಸಬಹುದು, ಕನ್ನಡಕ್ಕೆ ತರಬಹುದು, ಮಾರಲೂಬಹುದು. ಎಸ್‌ಆರ್‌ಡಿಯಲ್ಲಿ ಇಲ್ಲದ ದೇವರು, ಊರು, ಪಾತ್ರಗಳಿಗೆ ಆ ಪರವಾನಗಿ ಅನ್ವಯಿಸುವುದಿಲ್ಲ. ಹಾಗಾಗಿ ನಿಮ್ಮ ಕುಲದ ಕಥೆಯಲ್ಲಿ ಅಂಥ ಹೆಸರು ನುಸುಳಿದ್ದರೆ ಹಾಕುವ ಮುಂಚೆ ತೆಗೆದು, ಆ ಜಾಗಕ್ಕೆ ನಿಮ್ಮದೇ ದೇವರನ್ನು ಕೂರಿಸಿ.