ರೊಟೊರುವಾ: ಒಂದು ದಿನ ಮಾವೊರಿ, ಒಂದು ದಿನ ಬ್ರಿಟಿಷ್ ಕಟ್ಟಡ ಅಂತ ಹಂಚಿಕೊಳ್ಳಬಹುದಾ?

ನ್ಯೂಜಿಲೆಂಡಿನ ರೊಟೊರುವಾದಲ್ಲಿ ಎರಡು ದಿನ ಇರ್ತೀವಿ, ಒಂದನ್ನು ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಸಂಸ್ಕೃತಿಗೆ, ಇನ್ನೊಂದನ್ನು ಬ್ರಿಟಿಷರ ಕಾಲದ ಕಟ್ಟಡಗಳಿಗೆ ಇಟ್ಟುಕೊಳ್ಳಲೇ ಅಂತ ಕೇಳಿದ್ದೀರಿ. ಹಾಗೆ ಭಾಗ ಮಾಡಬೇಡಿ. ಆ ಊರಲ್ಲಿ ಇವೆರಡನ್ನೂ ಬಿಡಿಸಿ ನೋಡೋಕೆ ಆಗಲ್ಲ.

ಮೊದಲು ಸರೋವರದ ದಡದಲ್ಲಿರುವ ಮಾವೊರಿ ಹಳ್ಳಿ ಓಹಿನೆಮುಟುಗೆ ಹೋಗಿ. ಪೇಟೆಯಿಂದ ನಡೆದೇ ಹೋಗಬಹುದು. ಅಲ್ಲಿನ ಸೇಂಟ್ ಫೇತ್ಸ್ ಚರ್ಚು ಹೊರಗಿನಿಂದ ಅಪ್ಪಟ ಇಂಗ್ಲಿಷ್ ಶೈಲಿ. ಒಳಗೆ ಕಾಲಿಟ್ಟರೆ ಮಾವೊರಿ ಮರದ ಕೆತ್ತನೆ, ಹೆಣೆದ ಗೋಡೆಫಲಕಗಳು. ಒಂದು ಕಿಟಕಿಯ ಗಾಜಿನ ಮೇಲೆ ಮಾವೊರಿ ನಾಯಕರ ಮೇಲುಹೊದಿಕೆ ಹೊದ್ದ ಯೇಸುವನ್ನು ಬಿಡಿಸಿದ್ದಾರೆ. ಬೆಂಚಿನ ಮೇಲೆ ಕೂತು ನೋಡಿದರೆ ಆತ ಹಿಂದಿನ ಸರೋವರದ ನೀರಿನ ಮೇಲೇ ನಡೆದು ಬರುತ್ತಿರುವಂತೆ ಕಾಣುತ್ತದೆ. ಪಕ್ಕದ ಸ್ಮಶಾನದಲ್ಲಿ ಸಮಾಧಿಗಳೆಲ್ಲ ನೆಲದ ಮೇಲೇ ಇವೆ. ಕೆಳಗೆ ಕುದಿಯುವ ನೆಲ, ಅಗೆಯುವಂತಿಲ್ಲ. ಎದುರಿಗಿರುವ ಟಮಾಟೆಕಪುವಾ ಸಭಾಮನೆಯನ್ನು ಹೊರಗಿನಿಂದಲೇ ನೋಡಿ. ಅದು ಊರವರು ಇಂದಿಗೂ ಸೇರುವ ಮನೆ, ಪ್ರವಾಸಿಗಳಿಗೆಂದು ಕಟ್ಟಿದ್ದಲ್ಲ. 1870ರಲ್ಲಿ ರಾಜಕುಮಾರ ಆಲ್ಫ್ರೆಡ್ ಇಲ್ಲಿನವರಿಗೆ ತನ್ನ ತಾಯಿ ವಿಕ್ಟೋರಿಯಾ ರಾಣಿಯ ಮೂರ್ತಿ ಕೊಟ್ಟ. ಇವರು ಅದನ್ನು ತಮ್ಮದೇ ಕೆತ್ತನೆಯ ಮಂಟಪದಡಿ ನಿಲ್ಲಿಸಿದರು!

ಪೇಟೆಯ ಪಕ್ಕದ ಗವರ್ನಮೆಂಟ್ ಗಾರ್ಡನ್ಸ್ ಉದ್ಯಾನದಲ್ಲಿರುವ 1908ರ ಬಾತ್ ಹೌಸ್ ಫೋಟೋಗಳಲ್ಲಿ ನೀವು ನೋಡಿರುವ ಕಟ್ಟಡ. ಬಿಸಿನೀರಿನ ಚಿಕಿತ್ಸೆಗೆ ವಿದೇಶದಿಂದ ಜನ ಬರಲಿ ಅಂತ ಸರ್ಕಾರ ಕಟ್ಟಿಸಿದ್ದು. ಆ ಜಾಗ ಮಾತ್ರ ಎನ್‌ಗಾಟಿ ಫಕಾವೆ ಎಂಬ ಮಾವೊರಿ ಬುಡಕಟ್ಟಿನ ಜನ ದಾನ ಕೊಟ್ಟಿದ್ದು. ಮ್ಯೂಸಿಯಂ ಆಗಿದ್ದ ಕಟ್ಟಡ 2016ರ ಭೂಕಂಪದ ನಂತರ ಮುಚ್ಚಿತು, ತೆರೆದಿದೆಯೇ ಅಂತ ನೋಡಿಕೊಂಡು ಹೋಗಿ. ಹತ್ತಿರದ ಕಮಾನು 1901ರ ರಾಜಭೇಟಿಯದ್ದು. ಹಾದುಹೋಗುವಾಗ ನೋಡಿದರೆ ಸಾಕು.

ಅರ್ಧ ದಿನವನ್ನಾದರೂ ಬಿಸಿನೀರಿನ ಬುಗ್ಗೆಗಳ ನಡುವಿನ ಮಾವೊರಿ ಹಳ್ಳಿ ಫಕರೆವರೆವಾಗೆ ಇಡಿ. 1886ರ ಜೂನ್ 10ರಂದು ಟರವೆರಾ ಜ್ವಾಲಾಮುಖಿ ಸಿಡಿದು, ಜಗತ್ಪ್ರಸಿದ್ಧವಾಗಿದ್ದ ಗುಲಾಬಿ ಮತ್ತು ಬಿಳಿ ಮೆಟ್ಟಿಲುಬಂಡೆಗಳನ್ನು (ಬಿಸಿನೀರು ಹರಿದು ಮೆಟ್ಟಿಲಿನಂತೆ ಬೆಳೆದ ಬಂಡೆಗಳು) ನುಂಗಿತು. ಅವುಗಳನ್ನು ಯೂರೋಪಿನವರಿಗೆ ತೋರಿಸುತ್ತಿದ್ದ ಗೈಡ್ ಸೋಫಿಯಾ ಹಿನೆರಂಗಿಯ ಮನೆಯಲ್ಲಿ ಆ ರಾತ್ರಿ ಅರವತ್ತಕ್ಕೂ ಹೆಚ್ಚು ಜನ ಜೀವ ಉಳಿಸಿಕೊಂಡರು. ಆಮೇಲೆ ಆಕೆ ಫಕರೆವರೆವಾದಲ್ಲೇ ಗೈಡ್ ಆದಳು. ಇಂದೂ ಆ ಹಳ್ಳಿಯಲ್ಲಿ ಜನ ವಾಸಿಸುತ್ತಾರೆ, ಅವರೇ ಸುತ್ತಾಡಿಸುತ್ತಾರೆ. ಧಾರಾಳವಾಗಿ ಪ್ರಶ್ನೆ ಕೇಳಿ. ಮನೆಗಳೊಳಗೆ ಇಣುಕಬೇಡಿ.

ಸಂಜೆಯ ಹಾಕಾ (ಮಾವೊರಿ ನೃತ್ಯ) ಪ್ರದರ್ಶನ, ಊಟ ಎಲ್ಲ ಚೆನ್ನಾಗೇ ಇರುತ್ತದೆ. ಆದರೆ ಹಗಲು ಇಷ್ಟು ನೋಡಿದ ಮೇಲೆ ಹೋದರೆ ಅದರ ರುಚಿಯೇ ಬೇರೆ. ಸಸ್ಯಾಹಾರಿಗಳಾದರೆ ಬುಕ್ ಮಾಡುವಾಗಲೇ ಹೇಳಿ: ಹಾಂಗಿ ಎಂಬ ಮಾವೊರಿ ಅಡುಗೆಯಲ್ಲಿ ಮಾಂಸ, ಗೆಣಸು, ತರಕಾರಿ ಒಂದೇ ಗುಂಡಿಯಲ್ಲಿ ಬೇಯುತ್ತವೆ. ಫಕರೆವರೆವಾದಲ್ಲಾದರೆ ಬಿಸಿನೀರಿನ ಬುಗ್ಗೆಯಲ್ಲೇ ಬೇಯಿಸಿದ ಮುಸುಕಿನ ಜೋಳ ಸಿಗುತ್ತದೆ, ಯೋಚನೆಯಿಲ್ಲದೆ ತಿನ್ನಬಹುದು.